ಅಟ್ಟದ ಮೇಲಿನ ಬೆಲ್ಜಿಯಂ ಚಾಕೊಲೇಟು

ಸಂಸಾರಸ್ಥನಾದವನು ಒಂದು ತಿಂಡಿಯನ್ನು ಯಾರಿಗೂ ಕೊಡದೆ ಒಬ್ಬನೇ ತಿನ್ನುವುದು ಕಳ್ಳತನಕ್ಕಿಂತ ಕಷ್ಟದ ಕೆಲಸ. ಕಳ್ಳ ಕದ್ದ ಮನೆಯಿಂದ ಹೊರಟುಹೋದರೆ ಮುಗಿಯಿತು. ಒಬ್ಬನೇ ತಿನ್ನುವವನು ತಿಂದ ಮೇಲೂ ಅದೇ ಮನೆಯಲ್ಲಿ ಇರಬೇಕು, ಬಾಯಿಯ ವಾಸನೆಯ ಸಮೇತ. ಇದನ್ನು ಪೂರ್ತಿ ಅನುಭವದಿಂದ ಹೇಳುತ್ತಿಲ್ಲ, ಏಕೆಂದರೆ ಒಬ್ಬನೇ ತಿನ್ನುವ ಹಂತವನ್ನು ನಾನು ಮುಟ್ಟಲೇ ಇಲ್ಲ. ಆದದ್ದನ್ನು ಆದ ಕ್ರಮದಲ್ಲೇ, ಏನನ್ನೂ ಹೆಚ್ಚಿಸದೆ ಬರೆಯುತ್ತೇನೆ.

ನಾನು ತಿಪಟೂರಿನ ಒಂದು ಮಂಡಿಯಲ್ಲಿ ಮೂವತ್ತು ವರ್ಷಗಳಿಂದ ಕೊಬ್ಬರಿ ಆಯುವವನು. ಒಳ್ಳೆಯದನ್ನು ಒಂದು ಕಡೆ, ಬೂಷ್ಟು ಹಿಡಿದದ್ದನ್ನು ಇನ್ನೊಂದು ಕಡೆ ಹಾಕುವುದು ನನ್ನ ಕೆಲಸ. ಹೋದ ತಿಂಗಳು ಬೆಂಗಳೂರಿಗೆ ಮದುವೆಗೆ ಹೋಗಿದ್ದಾಗ ಬಿಸಿಲು ತಾಳಲಾರದೆ ಛತ್ರದ ಪಕ್ಕದ ದೊಡ್ಡ ಅಂಗಡಿಗೆ ನುಗ್ಗಿದೆ. ಅಷ್ಟು ಹೊತ್ತು ಅವರ ಏಸಿಯಲ್ಲಿ ನಿಂತವನು ಏನಾದರೂ ಕೊಳ್ಳಬೇಕಲ್ಲ? ಕೈಗೆ ಬಂದದ್ದು ಬೆಲ್ಜಿಯಂ ದೇಶದ ಚಾಕೊಲೇಟು. ಅಂಗೈಯಗಲ, ಹೊರಗೆ ಕಪ್ಪು ರಟ್ಟು, ಒಳಗೆ ಚಿನ್ನದ ಬಣ್ಣದ ಕಾಗದ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ಹೆಂಡತಿ ಗಿರಿಜಾ ಇದನ್ನು ಓದಿದರೆ ಮಿಕ್ಕದ್ದನ್ನೆಲ್ಲ ಕ್ಷಮಿಸಬಹುದು, ಬೆಲೆಯನ್ನು ಕ್ಷಮಿಸಲಾರಳು. ಅವಳು ಹೊಸ ಕುಕ್ಕರ್ ಕೊಂಡಾಗ ಮೂರು ದಿನ ದುಂದುವೆಚ್ಚದ ಮೇಲೆ ಉಪನ್ಯಾಸ ಕೊಟ್ಟವನು ನಾನು. ರಟ್ಟಿನ ಹಿಂಬದಿಯಲ್ಲಿ, ಕಚ್ಚದೆ ನಾಲಿಗೆಯ ಮೇಲೆ ಕರಗಲು ಬಿಟ್ಟರೆ ಒಣದ್ರಾಕ್ಷಿ, ಹೊಗೆ ಮತ್ತು ತೊಗಲಿನ ರುಚಿ ತಿಳಿಯುತ್ತದೆ ಎಂದು ಬರೆದಿತ್ತು. ತೊಗಲಿನ ರುಚಿಗೆ ದುಡ್ಡು ಕೊಡುವ ಜನರಿದ್ದಾರೆಂದು ಅಂದೇ ಗೊತ್ತಾದದ್ದು. ಕೊಟ್ಟವನು ನಾನೇ.

ಮನೆಗೆ ತಂದ ಮೇಲೆ ಬಚ್ಚಿಡುವ ಪ್ರಶ್ನೆ ಬಂತು. ಫ್ರಿಜ್ಜಿನಲ್ಲಿ ಗಿರಿಜಾಗೆ ತಿಳಿಯದಂತೆ ಒಂದು ನಿಂಬೆಹಣ್ಣೂ ಮಲಗಿರಲಾರದು. ಉಳಿದದ್ದು ಅಟ್ಟ. ನಮ್ಮ ಕಡೆ ಕೊಬ್ಬರಿಯಾಗಲಿ ಎಂದು ತೆಂಗಿನಕಾಯಿಗಳನ್ನು ಅಟ್ಟಕ್ಕೆ ಸುರಿದರೆ ಹೆಚ್ಚುಕಡಿಮೆ ಒಂದು ವರ್ಷ ಅತ್ತ ಯಾರೂ ತಲೆ ಹಾಕುವುದಿಲ್ಲ. ಕಾಯಿಗಳ ನಡುವೆ ಚಾಕೊಲೇಟನ್ನು ಮಲಗಿಸಿದೆ. ಭಾನುವಾರ ಗಿರಿಜಾ ಮಹಿಳಾ ಸಂಘಕ್ಕೆ ಹೋದಾಗ ತಿನ್ನುವುದೆಂದು ಯೋಜನೆ. ಮೊದಲನೆಯ ಭಾನುವಾರ ಶೆಟ್ಟಿಕೆರೆಯಿಂದ ಭಾವಮೈದ ಬಂದ. ಎರಡನೆಯ ಭಾನುವಾರವೂ ಅವನು ಹೋಗಿರಲಿಲ್ಲ.

ಮೂರನೆಯ ಭಾನುವಾರ ಏಣಿ ಹತ್ತಿದೆ. ನಾಲ್ಕನೆಯ ಮೆಟ್ಟಿಲ ಮೇಲೆ ನಿಂತು, ಎಡಗೈಯಲ್ಲಿ ಟಾರ್ಚು ಹಿಡಿದು, ಬಲಗೈಯಿಂದ ಚಿನ್ನದ ಕಾಗದ ಬಿಡಿಸಿದೆ. ಕಪ್ಪಗಿರಬೇಕಾದ ಚಾಕೊಲೇಟಿನ ಮೇಲೆಲ್ಲ ಬೆಳ್ಳಗೆ ಹರಡಿಕೊಂಡಿತ್ತು. ಬೂಷ್ಟು! ಅಷ್ಟರಲ್ಲಿ ಕೆಳಗಿನಿಂದ ದನಿ ಬಂತು.

"ಏನ್ರೀ ಅದು?"

ಸಂಘಕ್ಕೆ ಯಾರೂ ಬಂದಿರಲಿಲ್ಲವೆಂದು ಗಿರಿಜಾ ವಾಪಸಾಗಿದ್ದಳು. ಸುಳ್ಳು ನನ್ನ ಬಾಯಿಂದ ತಾನಾಗಿಯೇ ಹೊರಟಿತು. "ಮಂಡಿ ಯಜಮಾನ್ರ ಮನೇದು. ಯಾರೋ ಫಾರಿನ್ನಿಂದ ತಂದ್ಕೊಟ್ರಂತೆ. ಬೂಷ್ಟು ಹಿಡಿದೈತಾ ನೋಡಪ್ಪ ಅಂತ ನಂಗೆ ಕೊಟ್ರು."

"ಅದನ್ನ ಅಟ್ಟ ಹತ್ತಿ ಯಾಕ್ ನೋಡ್ತೀರಿ?"

"ಬೆಳಕಿಗೆ."

ನಮ್ಮ ಅಟ್ಟಕ್ಕೆ ಕಿಟಕಿ ಇಲ್ಲವೆಂಬುದನ್ನು ಇಲ್ಲಿ ಹೇಳಿಬಿಡಬೇಕು. ಗಿರಿಜಾ ಚಾಕೊಲೇಟನ್ನು ಇಸಿದುಕೊಂಡು ಹೆಬ್ಬೆರಳಿನಿಂದ ಉಜ್ಜಿದಳು. ಬಿಳುಪು ಮಾಯವಾಗಿ ಕಪ್ಪು ಮಿರಮಿರ ಹೊಳೆಯಿತು. ಬೆರಳು ಮೂಸಿದಳು.

"ಬೂಷ್ಟಲ್ಲ ಕಣ್ರೀ. ಸೆಕೆಗೆ ಒಳಗಿನ ಜಿಡ್ಡು ಮ್ಯಾಲಕ್ಕೆ ಬಂದು ಗಟ್ಟಿಯಾಗೈತೆ. ಮೂವತ್ತು ವರ್ಸ ಏನ್ ಆಯ್ದ್ರೋ ಮಂಡೀಲಿ!"

ಅವಮಾನವಾಯಿತು, ಆದರೆ ಸಂತೋಷವೂ ಆಯಿತು. ಕೈ ಚಾಚಿದೆ. ಅವಳು ಕೊಡಲಿಲ್ಲ. "ಪಾಪ, ಅವ್ರು ಕೆಟ್ಟೋಗೈತೆ ಅಂದ್ಕೊಂಡಿರ್ತಾರೆ. ನಡೀರಿ, ಕೊಟ್ಟು ಬರಾಣ. ನಾನೂ ಬತ್ತೀನಿ."

"ನಾಳೆ ನಾನೇ ಕೊಡ್ತೀನಿ ಬುಡು."

"ಬ್ಯಾಡ. ನೀವು ದಾರೀಲಿ ಬೀಳಿಸ್ಕೊಂಡ್ರೆ?"

ನಮ್ಮ ಮನೆಯಿಂದ ಯಜಮಾನ ಶಿವಣ್ಣನವರ ಮನೆಗೆ ಏಳೆಂಟು ನಿಮಿಷದ ದಾರಿ. ಸತ್ಯ ಹೇಳಲು ಅಷ್ಟು ಸಮಯ ಧಾರಾಳವಾಗಿ ಸಾಕು. ನಾನು ಬಿಸಿಲಿನ ಬಗ್ಗೆ ಮಾತಾಡಿದೆ.

"ತಗಳಿ ಅಣ್ಣ, ಏನೂ ಕೆಟ್ಟಿಲ್ಲ," ಎಂದು ಗಿರಿಜಾ ಚಾಕೊಲೇಟನ್ನು ಶಿವಣ್ಣನವರ ಕೈಗಿಟ್ಟಳು. "ನೀವು ಇವ್ರಿಗೆ ನೋಡಕ್ಕೆ ಕೊಟ್ಟಿದ್ರಂತಲ್ಲ, ಬೂಷ್ಟು ಹಿಡಿದೈತಾ ಅಂತ."

"ನಾನಾ?" ಎಂದ ಶಿವಣ್ಣನವರು ನನ್ನ ಮುಖ ನೋಡಿದರು. ಮಾರಲು ಬಂದವರ ಮುಖ ನೋಡಿಯೇ ಚೀಲದ ತಳದಲ್ಲಿ ಎಂಥ ಮಾಲಿದೆ ಎಂದು ಹೇಳುವ ಮನುಷ್ಯ ಅವರು. ಅವರ ಮೀಸೆಯ ಎಡತುದಿ ಸ್ವಲ್ಪ ಅಲುಗಿದ್ದನ್ನು ನಾನು ಸ್ಪಷ್ಟವಾಗಿ ಕಂಡೆ.

"ಹೌದು ಕಣಮ್ಮ, ನಾನೇ ಕೊಟ್ಟಿದ್ದೆ. ಮರ್ತೇಬಿಟ್ಟಿದ್ದೆ ನೋಡು!" ಎಂದು ಪಟ್ಟನೆ ಮುರಿದು ಅವಳಿಗೊಂದು ಚೂರು ಕೊಟ್ಟರು, ನನಗೊಂದು ಚೂರು ಚಾಚಿದರು. "ತಗಳಲಾ ಸಿದ್ದಪ್ಪ. ಸಂಕೋಚ ಯಾಕೆ? ನಿಂದೇ ಅಂದ್ಕೊ."

ರಟ್ಟು ಹೇಳಿದಂತೆ ಕಚ್ಚದೆ ನಾಲಿಗೆಯ ಮೇಲಿಟ್ಟುಕೊಂಡೆ. ಮೊದಲು ಕಹಿ, ಆಮೇಲೆ ಹೊಗೆ, ಆಮೇಲೆ ನಿಜವಾಗಿಯೂ ಒಣದ್ರಾಕ್ಷಿ. ತೊಗಲು ಬರುವಷ್ಟರಲ್ಲಿ ಕರಗಿಹೋಯಿತು. ಅಷ್ಟು ರುಚಿಯಾದದ್ದನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ.

"ಹೆಂಗೈತ್ಲಾ?" ಎಂದರು ಶಿವಣ್ಣನವರು.

"ಪರವಾಗಿಲ್ಲ."

"ಅಭ್ಯಾಸ ಇಲ್ವಲ್ಲ, ಪಾಪ," ಎನ್ನುತ್ತ ಮಿಕ್ಕದ್ದನ್ನು ಚಿನ್ನದ ಕಾಗದದಲ್ಲಿ ಜೋಪಾನವಾಗಿ ಸುತ್ತಿ ಒಳಗೆ ತೆಗೆದುಕೊಂಡು ಹೋದರು. ಫ್ರಿಜ್ಜಿನ ಬಾಗಿಲು ಮುಚ್ಚಿಕೊಂಡ ಸದ್ದು ಹೊರಗಿನವರೆಗೂ ಕೇಳಿಸಿತು.

ವಾಪಸು ಬರುವಾಗ ಗಿರಿಜಾ ಬೆರಳು ಚೀಪುತ್ತಾ ಹೇಳಿದಳು: "ದೊಡ್ಡ ಮನಸು ಕಣ್ರೀ ಅವ್ರದು. ಕೇಳ್ದೇನೇ ಕೊಟ್ರು. ಇಂಥದ್ದು ನಮ್ಮನೇಲಿ ಇದ್ದಿದ್ರೆ ನೀವು ಯಾರಿಗಾದ್ರೂ ಕೊಡ್ತಿದ್ರಾ?"

ಆ ದಿನ ನಾನು ಪ್ರಾಮಾಣಿಕವಾಗಿ ಉತ್ತರಿಸಬಹುದಾಗಿದ್ದ ಪ್ರಶ್ನೆ ಅದೊಂದೇ.

"ಇಲ್ಲ," ಎಂದೆ.