ಬೆಟ್ಟ ಹತ್ತಿದ ಆನೆ

ನಮ್ಮ ಸೋದರತ್ತೆಯ ಕಣ್ಣಿಗೆ ಈ ಲೋಕದಲ್ಲಿ ನೆಟ್ಟಗಿರುವ ವಸ್ತು ಒಂದೂ ಇರಲಿಲ್ಲ. ಇದ್ದರೆ ಅದನ್ನು ಅವರೇ ನೆಟ್ಟಗೆ ಮಾಡಿರಬೇಕು, ಅಷ್ಟೆ! ಯಾರ ಮನೆಗೆ ಹೋದರೂ ಮೊದಲು ಗೋಡೆಯ ಕ್ಯಾಲೆಂಡರ್ ಸರಿಮಾಡಿ, ಆಮೇಲೆ "ಚೆನ್ನಾಗಿದ್ದೀರಾ?" ಎನ್ನುತ್ತಿದ್ದರು. ನನ್ನ ತಮ್ಮನ ಮದುವೆಯಲ್ಲಿ ಅಕ್ಷತೆ ಹಾಕಲು ಹೋದವರು, ಒಂದು ಕಣ್ಣು ಮುಚ್ಚಿ ನೋಡಿ ಅವನ ಪೇಟ ತಿದ್ದಿದರು, ಬಾಸಿಂಗ ತಿದ್ದಿದರು, ಕೊನೆಗೆ ಫೋಟೋ ತೆಗೆಯುವವನ ಕ್ಯಾಮೆರಾವನ್ನೂ ತಿದ್ದಲು ಹೊರಟರು. ಈಗಲೂ ಆ ಆಲ್ಬಮ್ ತೆಗೆದರೆ ಮದುಮಗಳ ಮುಖಕ್ಕಿಂತ ಅತ್ತೆಯ ಕೈಯೇ ಹೆಚ್ಚು ಕಾಣಿಸುತ್ತದೆ!

ಫೋನುಗಳಿಗೆ ಇನ್ನೂ ಬಟನ್ ಇದ್ದ ಕಾಲದ ಮಾತು. ಆಗ ನಾವೆಲ್ಲ ಆರ್.ಟಿ. ನಗರದ ಒಂದೇ ರಸ್ತೆಯಲ್ಲಿದ್ದೆವು. ಅತ್ತೆಯ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅದೇ ವರ್ಷ ಮಾವನಿಗೆ ಸ್ಟ್ರೋಕ್ ಆಗಿ ಬಲಗೈ ಸೋತಿತ್ತು. ಪೀಣ್ಯದಲ್ಲಿ ಲೇತ್ ಮೆಷಿನ್ ನಡೆಸಿದ ಕೈ, ಕಾಫಿ ಲೋಟವನ್ನೂ ಹಿಡಿಯದಾಗಿತ್ತು. ಹಿಸುಕುತ್ತಿರಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ಮಾವ ಮಂಚದ ಕೆಳಗೆ ಉರುಳಿಸಿಬಿಟ್ಟಿದ್ದರು. "ನಾನೇನ್ ಕೂಸಾ, ಚೆಂಡಾಡ್ಕೊಂಡ್ ಕೂತ್ಕೊಳ್ಳೋಕೆ?" ಮನೆಗೆ ನಿಜವಾದ ಕೂಸು ಬಂದಾಗ ಈ ಕೈ ಅದನ್ನು ಎತ್ತಿಕೊಂಡೀತೇ? ಅತ್ತೆಗೆ ಹಗಲಿರುಳೂ ಅದೇ ಚಿಂತೆ. ಆದರೂ ಅದನ್ನು ಬಾಯಿಬಿಟ್ಟು ಹೇಳಿದ್ದು ನನ್ನೊಬ್ಬಳ ಹತ್ತಿರ, ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ.

ಬರುವ ಮಗುವಿಗೊಂದು ಕೌದಿ ಹೊಲಿಯುವುದೆಂದಾಯಿತು. ನಾನು ಮುಖ್ಯರಸ್ತೆಯ ಅಂಗಡಿಯಿಂದ ಆನೆ, ಗಿಳಿ, ಮೊಲಗಳ ಚೌಕಗಳನ್ನು ಅಚ್ಚು ಹಾಕಿದ ಬಟ್ಟೆ ತಂದೆ. ಅತ್ತೆ ಗೆರೆಯ ಮೇಲೇ ಕತ್ತರಿಸಿ ನೆಲದ ಮೇಲೆ ಹಾಸಿದರು. ಒಂದು ಕಣ್ಣು ಮುಚ್ಚಿದರು. ಮುಗಿಯಿತು! ಒಂದು ಚೌಕವೂ ಚೌಕವಾಗಿರಲಿಲ್ಲ. ಕಾಜು ಬರ್ಫಿಯ ಹಾಗೆ ವಾಲಿಕೊಂಡಿದ್ದವು. ಆನೆ ಬೆಟ್ಟ ಹತ್ತುತ್ತಿತ್ತು. ಎದುರು ದಿಕ್ಕಿಗೆ ಮುಖ ಮಾಡಿದ್ದ ಮೊಲ ಪಾಪ, ಜಾರಿ ಬರುತ್ತಿತ್ತು.

ಅಂಗಡಿಗೆ ಮೆರವಣಿಗೆ ಹೊರಟೆವು. ಅಂಗಡಿಯವನು ಗಾಬರಿಯಾಗಲೇ ಇಲ್ಲ. "ಪ್ರಿಂಟೇ ಹಂಗ್ ಬಂದಿರೋದು ಮೇಡಂ. ಮಗು ಮಲ್ಕೊಂಡ್ ನೋಡತ್ತಲ್ಲಾ, ಅದಕ್ಕೆ ಸರಿಯಾಗೇ ಕಾಣ್ಸತ್ತೆ ಬಿಡಿ!"

"ಅಂದ್ರೆ ನನ್ನ ಮೊಮ್ಮಗು ಕತ್ತು ಓರೆ ಮಾಡ್ಕೊಂಡೇ ಬೆಳೀಬೇಕೇನಪ್ಪಾ?" ಎಂದು ಕೇಳಿ ಅತ್ತೆ ಬಟ್ಟೆಯೊಂದಿಗೆ ಹಿಂದಿರುಗಿದರು. ಬರುವಾಗ ಅವನ ಬೋರ್ಡನ್ನು ನೆಟ್ಟಗೆ ಮಾಡಿಯೇ ಬಂದರೆನ್ನಿ.

ಅಲ್ಲಿಂದ ಶುರುವಾಯಿತು ಎಳೆಯುವ ಕೆಲಸ. ಚೌಕಕ್ಕೆ ನೀರು ಚಿಮುಕಿಸಿ, ಕುಗ್ಗಿದ ಎರಡು ಮೂಲೆಗಳನ್ನು ಇಬ್ಬರು ಎದುರುಬದುರು ನಿಂತು ಎಳೆಯಬೇಕು. ಆಮೇಲೆ ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳತೆ. ಎರಡೂ ಕಡೆ ಸಮ ಬಂದರೆ ನೆಟ್ಟಗಾಯಿತು. ಗಂಜಿ ಹಾಕಿ ಇಸ್ತ್ರಿ. ಅತ್ತೆ ಒಂದು ತುದಿ, ಇನ್ನೊಂದು ತುದಿಗೆ ಯಾರು? ಬಾಗಿಲಿಗೆ ಬಂದವರೆಲ್ಲ! ಗ್ಯಾಸ್ ಸಿಲಿಂಡರ್ ತಂದವನು "ಅಮ್ಮಾ, ಗಾಡಿ ರೋಡಲ್ಲೇ ನಿಂತಿದೆ" ಎಂದು ಗೋಗರೆದ. "ಸಿಲಿಂಡರ್ ಎತ್ತೋ ಕೈಗೆ ಒಂದು ಆನೆ ಎಳೆಯಕ್ಕಾಗಲ್ವೇನಪ್ಪಾ?" ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ನಸೀಮಾ ಗಿಳಿಗಳನ್ನು ಎಳೆದೂ ಎಳೆದೂ, ಹೆಪ್ಪು ಮರೆತೇ ಹೋದರು.

ನಾನೂ ನನ್ನ ಗಂಡನೂ ಮಾತು ಬಿಟ್ಟಿದ್ದ ದಿನವಂತೂ ಅತ್ತೆಗೆ ಹಬ್ಬ. ನಮ್ಮಿಬ್ಬರನ್ನೂ ಕರೆಸಿ ಒಂದೊಂದು ಮೂಲೆ ಕೊಟ್ಟರು. "ಇರೋ ಸಿಟ್ಟೆಲ್ಲಾ ಇದಕ್ಕೇ ಹಾಕ್ರಪ್ಪಾ." ಹಾಕಿದೆವು. ಪರ್ರ್ ಎಂದು ಮೊಲ ಎರಡು ಹೋಳಾಯಿತು! "ಅಯ್ಯೋ" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು, ಮೌನವ್ರತ ಅಲ್ಲಿಗೆ ಮುರಿಯಿತು.

"ಮೊಲ ಹೋದ್ರೆ ಹೋಗ್ಲಿ, ಸಂಸಾರ ನೆಟ್ಟಗಾಯ್ತು" ಎಂದರು ಅತ್ತೆ.

ಒಂದು ದಿನ ಬಾಗಿಲಿಗೆ ಯಾರೂ ಬರಲಿಲ್ಲ. ಅತ್ತೆ ಹೋಗಿ ಮಾವನ ಕುರ್ಚಿಯ ಮುಂದೆ ನಿಂತರು. "ರೀ, ಈ ಮೂಲೆ ಒಂಚೂರು ಹಿಡ್ಕೊಳ್ರೀ."

ಮಾವ ಎಡಗೈ ಚಾಚಿದರು.

"ಎಡಗೈಲಿ ಹಿಡಿದ್ರೆ ಬಟ್ಟೆ ಆ ಕಡೆ ವಾಲತ್ತೆ. ಲೇತ್ ನಡೆಸ್ದೋರಿಗೆ ನಾನ್ ಹೇಳ್ಕೊಡ್ಬೇಕಾ?"

ಇದು ಯಾವ ಊರಿನ ಶಾಸ್ತ್ರವೋ! ಮಾವ ಗೊಣಗುತ್ತಲೇ ಬಲಗೈಗೆ ಬಟ್ಟೆ ಸಿಕ್ಕಿಸಿಕೊಂಡರು. ಜಾರಿತು. ಮತ್ತೆ ಜಾರಿತು. ಸಿಟ್ಟು ಬಂದದ್ದು ಕೈಯ ಮೇಲಲ್ಲ, ಆನೆಯ ಮೇಲೆ. "ಇದುನ್ನ ಅಚ್ ಹಾಕ್ದೋನ್ ಯಾವನೇ? ನಮ್ ಕಾರ್ಖಾನೇಲಿ ಇಂಗ್ ಮಾಡಿದ್ರೆ ಗೇಟಾಚೆ ನಿಲ್ಸೋರು! ತತ್ತಾ ಇಲ್ಲಿ!"

ಅಂದಿನಿಂದ ಗ್ಯಾಸಿನವನಿಗೆ ಬಿಡುಗಡೆಯಾಯಿತು. ದಿನವೂ ಸಂಜೆ ಮಾವನೇ ಎಳೆಯುತ್ತಿದ್ದರು, ಅಚ್ಚು ಹಾಕಿದವನ ವಂಶವನ್ನೆಲ್ಲ ಬೈಯುತ್ತಾ. ಕೌದಿ ಮಾತ್ರ ಮುಂದೆ ಸಾಗಲೊಲ್ಲದು. "ಅಮ್ಮಾ, ಮಗು ಸ್ಕೂಲಿಗೆ ಹೋಗೋಷ್ಟೊತ್ತಿಗಾದ್ರೂ ಮುಗಿಯತ್ತಾ?" ಎಂದು ಮಗಳು ರೇಗಿಸುತ್ತಿದ್ದಳು. ಅತ್ತೆ ದಾರ ಹಿಡಿದು ಅಳೆದು, "ಇನ್ನೂ ಓರೆ ಇದೆ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಸಾರಿನ ಪಾತ್ರೆ ಹಿಂದಿರುಗಿಸಲು ಹೋದೆ. ಮಾವ ಕೋಣೆಯಲ್ಲಿ ನಿದ್ದೆ ಹೋಗಿದ್ದರು. ನಡುಮನೆಯಲ್ಲಿ ಅತ್ತೆ ಒಬ್ಬರೇ. ಕೈಯಲ್ಲಿ ಆನೆಯ ಚೌಕ. ಹಿಂದಿನ ದಿನ ಅದನ್ನು ದಾರ ಹಿಡಿದು ಅಳೆದವಳು ನಾನೇ. ಎರಡೂ ಕಡೆ ಸರಿಸಮ ಬಂದಿತ್ತು, ಇಸ್ತ್ರಿಯೂ ಆಗಿತ್ತು. ಅತ್ತೆ ಅದಕ್ಕೆ ನೀರು ಚಿಮುಕಿಸಿದರು. ಒಂದು ಮೂಲೆಯನ್ನು ಕಾಲಿನಡಿ ಒತ್ತಿ ಹಿಡಿದು, ಎಳೆಯಬಾರದ ಮೂಲೆಯನ್ನು ಎರಡೂ ಕೈಯಿಂದ ಎಳೆದರು. ಆನೆ ನೋಡನೋಡುತ್ತ ಮತ್ತೆ ಬೆಟ್ಟ ಹತ್ತಿತು.

"ಅತ್ತೆ! ಅದು ನೆಟ್ಟಗಿತ್ತಲ್ಲಾ!"

ಅತ್ತೆ ಬೆಚ್ಚಿಬಿದ್ದು ಕೋಣೆಯ ಕಡೆ ನೋಡಿದರು.

"ಮೆತ್ತಗ್ ಮಾತಾಡೇ. ನಿನ್ನೆ ಕಾಫಿ ಲೋಟ ಅವರೇ ಎತ್ತಿ ಕುಡಿದ್ರು ಕಣೇ. ಕೂಸು ಎತ್ತೋಕೆ ಇನ್ನೊಂಚೂರು ಬಲ ಬೇಕು. ಎಲ್ಲಾ ನೆಟ್ಟಗಾಗ್ಬಿಟ್ರೆ, ಸಾಯಂಕಾಲ ಅವ್ರು ಏನ್ ಎಳೀತಾರೆ?"

ನಾನು ಪಾತ್ರೆ ಕೆಳಗಿಟ್ಟು, ಸದ್ದಾಗದಂತೆ ಒಳಗೆ ಹೋಗಿ, ಅವರ ಕಾಲಿನಡಿ ಇದ್ದ ಮೂಲೆಯನ್ನು ಕೈಗೆ ತೆಗೆದುಕೊಂಡೆ.