ಅಳಿಯಂದ್ರು ಕಾರು ತಗ್ಗಿಸಿದ್ದು

ಅನಿಲ್‌ಕುಮಾರನದು ಜೀಪಿನಂಥ ಎತ್ತರದ ಹಳೇ ಕಾರು. ತಿರುವು ಬಂದರೆ ಹುಲ್ಲು ತುಂಬಿದ ಗಾಡಿಯಂತೆ ವಾಲುತ್ತಿತ್ತು. ಹಾಸನದ ಕಚೇರಿಯಲ್ಲಿ ಪಕ್ಕದ ಮೇಜಿನ ಸಂಜಯ್ ದಿನಾ ಕಿವಿಯೂದುತ್ತಿದ್ದ.

"ಗಿಡ್ಡ ಸ್ಪ್ರಿಂಗ್ ಹಾಕ್ಸು ಗುರು. ಗಾಡಿ ತಗ್ಗಿದ್ರೆ ವಾಲಲ್ಲ. ಗೋಡೆಗೆ ಹಲ್ಲಿ ಅಂಟ್ಕಂಡಂಗೆ ರೋಡಿಗೆ ಅಂಟ್ಕತದೆ."

ಅನಿಲ್ ಹಾಕಿಸಿದ. ಕಾರು ಅರ್ಧ ಗೇಣು ತಗ್ಗಿತು. ಬೈಪಾಸಿನಲ್ಲಿ ಒಬ್ಬನೇ ಓಡಿಸಿ ನೋಡಿದ. ಸಂಜಯ್ ಹೇಳಿದ್ದು ನಿಜವೇ ಆಗಿತ್ತು.

ಆದರೆ ಶುಕ್ರವಾರ ಬೆಳಿಗ್ಗೆ ಕಾರಿನಲ್ಲಿ ಅವನೊಬ್ಬನೇ ಇರಲಿಲ್ಲ. ಹೊಳೆನರಸೀಪುರದಲ್ಲಿ ಅತ್ತೆಯ ತಂಗಿಯ ಮಗಳ ನಿಶ್ಚಿತಾರ್ಥ. ಮುಂದೆ ಮಾವ ಕೆಂಪಣ್ಣ, ಹಿಂದೆ ಹೆಂಡತಿ ಆಶಾರಾಣಿ, ಅತ್ತೆ ಸುಬ್ಬಮ್ಮ. ಅತ್ತೆಯ ಮಡಿಲಲ್ಲಿ ಹುಡುಗಿ ಉಡಬೇಕಾದ ಸೀರೆ, ಡಿಕ್ಕಿಯಲ್ಲಿ ಬಾಳೆಗೊನೆ, ತೆಂಗಿನಕಾಯಿ ಚೀಲ.

"ರಾಹುಕಾಲಕ್ಕೆ ಮುಂಚೆ ಸೀರೆ ಹುಡುಗಿ ಕೈ ಸೇರ್ಬೇಕು ಅಳಿಯಂದ್ರೇ," ಎಂದರು ಕೆಂಪಣ್ಣ.

ಮೊದಲ ಹಂಪಿನಲ್ಲೇ ಕಾರಿನ ತಳ ಬರ್ರೆಂದು ಉಜ್ಜಿತು.

"ಅದೇನು ಸದ್ದು?"

"ಹಂಪು, ಮಾವ."

"ಹಂಪು ಎಲ್ಲಾ ಕಾರ್ಗೂ ಐತೆ. ನಮ್ದೊಂದೇ ಯಾಕೆ ಅರಚ್ಕತದೆ?"

ಅಲ್ಲಿಂದ ಮುಂದೆ ಪ್ರತಿ ಹಂಪಿಗೂ ಮಾವ, ಮಗಳು ಇಳಿದು ನಡೆದು ಮತ್ತೆ ಹತ್ತಿದರು. ಸುಬ್ಬಮ್ಮ ಮಾತ್ರ ಅಲುಗಲಿಲ್ಲ. "ನಾನ್ ಇಳಿಯಕಿಲ್ಲ. ನೀವು ಬೇಕಾರೆ ಇಳ್ಕಳಿ." ಬೈಕಿನವನೊಬ್ಬ ನಿಧಾನಿಸಿ, "ತಳ್ಬೇಕಾ ಸಾ?" ಎಂದು ಕೇಳಿ ಹೋದ.

ಹೊತ್ತು ಮೀರುತ್ತಿತ್ತು. ಮೊಸಳೆ ಎಂಬ ಊರಿನ ಹತ್ತಿರದ ತಿರುವು ಕಂಡಾಗ ಅನಿಲ್‌ಗೆ ಮಾನ ಉಳಿಸಿಕೊಳ್ಳುವ ದಾರಿ ಹೊಳೆಯಿತು. "ಈಗ ನೋಡಿ ಮಾವ, ಹೆಂಗೆ ಅಂಟ್ಕತದೆ," ಎಂದು ವೇಗ ಹೆಚ್ಚಿಸಿದ.

ಗಿಡ್ಡ ಸ್ಪ್ರಿಂಗು ಅಷ್ಟು ಜನರ ಭಾರಕ್ಕೆ ಆಗಲೇ ಪೂರ್ತಿ ಕುಗ್ಗಿ ಕೂತಿತ್ತು. ತಿರುವಿನಲ್ಲೊಂದು ಗುಂಡಿ ಸಿಕ್ಕಿತು. ಇನ್ನು ಕುಗ್ಗಲು ಜಾಗವಿಲ್ಲದೆ ಹಿಂದಿನ ಚಕ್ರ ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಚಿಟ್ಟನೆ ಹಾರಿತು. ನೆಲವನ್ನೇ ಮುಟ್ಟದ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಕಾರು ಹಿಂಬದಿ ಜಾರಿಸಿಕೊಂಡು ಹುರುಳಿ ಹೊಲಕ್ಕೆ ನುಗ್ಗಿ, ಹೊಟ್ಟೆ ಊರಿ ಕೂತಿತು.

ಯಾರಿಗೂ ಏಟಾಗಲಿಲ್ಲ. ಹೊಲದಲ್ಲಿದ್ದವರು ಓಡಿ ಬಂದರು. "ಅಮ್ಮೋರ್ನ ಇಳ್ಸಿ ಸಾ, ಎತ್ ಬುಡವ."

"ನಾನ್ ಇಳಿಯಕಿಲ್ಲ. ಅಂಗೇ ಎತ್ರಪ್ಪ," ಎಂದರು ಸುಬ್ಬಮ್ಮ.

ಪಲ್ಲಕ್ಕಿ ಎತ್ತಿದ ಹಾಗೆ ಅತ್ತೆಯ ಸಮೇತ ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಕೆಂಪಣ್ಣ ಹೊಲದವನಿಗೆ ಕೈಮುಗಿದು ಬಂದು ಕೂತರು. ಹೊಳೆನರಸೀಪುರದಲ್ಲಿ ಸೀರೆ ಹೊತ್ತಿಗೆ ಸರಿಯಾಗಿ ಹುಡುಗಿಯ ಕೈ ಸೇರಿದ ಮೇಲೆ ಅಳಿಯನನ್ನು ಪಕ್ಕಕ್ಕೆ ಕರೆದರು.

"ಒಬ್ಳೇ ಮಗಳ್ನ ನಿಮ್ ಕೈಗೆ ಕೊಟ್ಟಿದೀನಿ. ಅದೊಂದ್ ನೆನಪಿರ್ಲಿ."

ಅನಿಲ್ ಊಟದ ಎಲೆ ಬಿಟ್ಟೆದ್ದು ಊರಿನ ಗ್ಯಾರೇಜು ಹುಡುಕಿಕೊಂಡು ಹೋದ. ಎಣ್ಣೆ ಮೆತ್ತಿದ ಕಬ್ಬಿಣವನ್ನು ಆಶಾರಾಣಿ ಮನೆಯೊಳಗೆ ಬಿಟ್ಟಿರಲಿಲ್ಲವಾದ್ದರಿಂದ ಹಳೇ ಸ್ಪ್ರಿಂಗುಗಳು ಡಿಕ್ಕಿಯಲ್ಲೇ ಇದ್ದವು. ಸಂಜೆಯ ಹೊತ್ತಿಗೆ ಕಾರು ಮೊದಲಿನಷ್ಟೇ ಎತ್ತರವಾಯಿತು. ಎದೆಯ ಭಾರ ಇಳಿಸಿಕೊಂಡು ವಾಪಸು ಬಂದ.

ನಿಶ್ಚಿತಾರ್ಥದ ಮನೆ ಮುಂದೆ ಸುಬ್ಬಮ್ಮನ ಜೊತೆ ಇನ್ನೂ ಮೂವರು ಮುದುಕಿಯರು ಚೀಲ ಹಿಡಿದು ಕಾಯುತ್ತಿದ್ದರು. ಕಾರು ನೋಡಿ ಸುಬ್ಬಮ್ಮನ ಮುಖ ಬಾಡಿತು.

"ಇದೇನ್ ಅಳಿಯಂದ್ರೇ, ಎತ್ತರ ಮಾಡಿಸ್ಬುಟ್ರಾ? ಈ ಮಂಡಿನೋವ್ನಾಗೆ ಯಾರೂ ಕೈ ಕೊಡ್ದೆ ನಾನು ಕಾರ್ ಹತ್ತಿದ್ದು ಇವತ್ತೇ ಕಣ್ರೀ! ಅಳಿಯಂದ್ರು ನನ್ ಮಂಡಿಗೋಸ್ಕರ ತಗ್ಗಿಸವ್ರೆ ಅಂತ ಎಲ್ರಿಗೂ ಹೇಳ್ಬುಟ್ಟಿವ್ನಿ. ಇವ್ರೂ ಮಂಡಿನೋವ್ನೋರೇ. ಅರಕಲಗೂಡ್ಗೆ ಬಿಡ್ಬೇಕು."

ಕೆಂಪಣ್ಣ ಹತ್ತಿರ ಬಂದು ಮೊದಲ ಸಲ ಅಳಿಯನ ಬೆನ್ನು ತಟ್ಟಿದರು. "ಅತ್ತೆಗೋಸ್ಕರ ಅಂತ ಮೊದ್ಲೇ ಹೇಳ್ಬಾರ್ದಾಗಿತ್ತಾ? ನಾನು ಸುಮ್ಕೆ ಏನೇನೋ ಅಂದ್ಬುಟ್ಟೆ."

ಅನಿಲ್ ಮತ್ತೆ ಹೋದಾಗ ಗ್ಯಾರೇಜಿನವನು ಕೈ ತೊಳೆದು ಬಾಗಿಲು ಎಳೆಯುತ್ತಿದ್ದ.

"ಯಾಕ್ ಸಾ, ಏನಾರ ಮರ್ತೋದ್ರಾ?"

"ಇಲ್ಲಪ್ಪ," ಎಂದ ಅನಿಲ್‌ಕುಮಾರ. "ತಗ್ಗಿಸ್ಬುಡು."