ಫ್ರೀಜರಿಗೂ ಒಂದು ಆಯುಧಪೂಜೆ

ಅಕ್ಟೋಬರ್ ಮೂರು, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಎಲ್ಲವನ್ನೂ ಬರೆದಿಡುವವರಿಗೆ ಒಂದು ಮೊಂಡು ಧೈರ್ಯವಿರುತ್ತದೆ: ಬರೆದಿಟ್ಟದ್ದು ಕೆಡುವುದಿಲ್ಲ ಎಂದು. ನನಗೂ ಇತ್ತು. ಮಲ್ಕಾಜ್‌ಗಿರಿಯ ನಮ್ಮ ಮನೆಯಲ್ಲಿ ಸಿಲಿಂಡರ್ ಹಚ್ಚಿದ ದಿನ, ಹಾಲಿನವನು ಬಾರದ ದಿನ, ಅಪ್ಪನ ರೈಲ್ವೆ ಡ್ಯೂಟಿ ಬದಲಾದ ದಿನ ಎಲ್ಲವೂ ನನ್ನ ಡೈರಿಯಲ್ಲಿವೆ. "ಲಗ್ನ ಆಗಿ ಹೋದ ಮ್ಯಾಲೆ ಅತ್ತಿ ಎಷ್ಟ ಸರ್ತಿ ಬೈದ್ಲು ಅಂತನೂ ಬರದಿಡತಾಳ ಇಕಿ" ಎಂದು ಅವ್ವ ಅಕ್ಕಪಕ್ಕದವರಿಗೆ ಹೇಳಿಕೊಂಡು ನಗುತ್ತಾಳೆ. ಆ ಧೈರ್ಯ ದಸರೆಯ ಮರುದಿನ, ಮೇಲೆ ಬರೆದ ಹೊತ್ತಿಗೆ ಸರಿಯಾಗಿ, ನನ್ನನ್ನು ಬಿಟ್ಟು ಹೋಯಿತು.

ನಾನು ಇದೇ ತೆಲುಗು ಊರಿನ ಜೀಡಿಮೆಟ್ಲಾ ಕಡೆಯ ಒಂದು ಸಣ್ಣ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹೊಟ್ಟೆಯೊಳಗಿನ ಮೇದೋಜೀರಕ ಗ್ರಂಥಿ ಊಟ ಕರಗಿಸಲು ಟ್ರಿಪ್ಸಿನ್ ಎಂಬ ರಸವನ್ನು ತಯಾರಿಸುತ್ತದೆ. ಅದು ಬಲು ಹಸಿದ ರಸ, ಹೊಟ್ಟೆಗೆ ಊಟ ಬೀಳುವ ಮೊದಲೇ ಗ್ರಂಥಿಯನ್ನೇ ತಿನ್ನಲು ಹೊರಡಬಹುದು. ಹಾಗಾಗದಂತೆ ಗ್ರಂಥಿ ಇನ್ನೊಂದು ಪುಟ್ಟ ಪ್ರೋಟೀನನ್ನೂ ತಯಾರಿಸಿ ಕಾವಲಿಗೆ ನಿಲ್ಲಿಸುತ್ತದೆ. ಮದುವೆಮನೆಯಲ್ಲಿ ಬಡಿಸುವ ಮುಂಚೆ ಯಾರೂ ಬೂಂದಿಗೆ ಕೈ ಹಾಕದಂತೆ ಉಗ್ರಾಣದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಸೋದರತ್ತೆ ಇರುತ್ತಾಳಲ್ಲ, ಹಾಗೆ. ಈ ಸೋದರತ್ತೆ ಎಲ್ಲಿದ್ದಾಳೆ, ಎಷ್ಟಿದ್ದಾಳೆ ಎಂದು ಹುಡುಕಿಕೊಡುವ ಪತ್ತೇದಾರನೇ ಆಂಟಿಬಾಡಿ. ನಮ್ಮದು ಅರವತ್ತೊಂದು ದಿನ ಕಾಯಿಸಿ ಆಗಸ್ಟ್ ಇಪ್ಪತ್ತೊಂದಕ್ಕೆ ಬಂತು. ಒಂದು ಕಿರುಬೆರಳಿನಷ್ಟು ಶೀಶೆ, ಅದರ ತಳದಲ್ಲಿ ಎರಡು ಹನಿ. ಅದನ್ನು ಹಚ್ಚಿ, ಪತ್ತೆಯಾದ ಪ್ರೋಟೀನಿನ ಚಿತ್ರವನ್ನು ಅಕ್ಟೋಬರ್ ಆರರಂದು ನಮ್ಮ ಕೆಲಸಕ್ಕೆ ಹಣ ಕೊಡುವ ಸಮಿತಿಯ ಮುಂದೆ ಇಡಬೇಕಿತ್ತು. ಚಿತ್ರವಿಲ್ಲದಿದ್ದರೆ ಡಿಸೆಂಬರಿಗೆ ನನ್ನ ಕೆಲಸ ಮುಗಿಯಿತು ಎಂದು ನಮ್ಮ ಮೇಡಂ ಮೆತ್ತಗೆ ತಿಳಿಸಿದ್ದರು.

ಮೂರನೆಯ ತಾರೀಖು ಬಾಗಿಲು ತೆರೆದರೆ ಫ್ರೀಜರಿನ ಕೆಳಗೆ ನೀರು. ಹಿಡಿಕೆಗೆ ಚೆಂಡುಹೂವಿನ ಮಾಲೆ, ಬಾಗಿಲಿಗೆ ವಿಭೂತಿ, ಕುಂಕುಮ. ಪ್ಲಗ್ಗನ್ನು ಕಿತ್ತು, ವೈರನ್ನು ಅಚ್ಚುಕಟ್ಟಾಗಿ ಸುತ್ತಿ, ಅದರ ಮೂರು ಪಿನ್ನಿಗೂ ಒಂದೊಂದು ಬೊಟ್ಟು ಇಡಲಾಗಿತ್ತು. ಒಳಗೆ ನನ್ನ ಶೀಶೆ ಮುಂಗೈಯಷ್ಟು ಬೆಚ್ಚಗಿತ್ತು. ನಾನು ಕೂಗಿದ ಕೂಗಿಗೆ ನಮ್ಮ ಅಟೆಂಡರ್ ಶರಣಪ್ಪ ಕಾಕಾ ಪೊರಕೆ ಸಮೇತ ಓಡಿಬಂದರು. ಯಾದಗಿರಿ ಕಡೆಯವರು, ಇಡೀ ಲ್ಯಾಬಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವ ಒಬ್ಬರೇ ಒಬ್ಬರು.

"ಕಾಕಾ, ಫ್ರೀಜರ್ ಯಾಕ ಬಂದ್ ಮಾಡೀರಿ?"

"ವಿಶ್ರಾಂತಿ ಅಂತ ನೀವ ಬರದೀರಲ್ರಿ ತಂಗಿ. ಹತ್ತೊಂಬತ್ತನೇ ನಂಬರ."

"ಫ್ರೀಜರಿಗೆ ಯಾರರ ವಿಶ್ರಾಂತಿ ಕೊಡ್ತಾರೇನ್ರಿ?"

"ನನಗೂ ಹಂಗ ಅನಸ್ತು. ಕೇಳೂಣು ಅಂತ ನಿಮ್ಮ ಹತ್ರ ಬಂದೆ. ನೀವು ಟಿಕ್ ಎಣಿಸಾಕತ್ತಿದ್ರಿ. 'ಒಂದೂ ಖಾಲಿ ಬಿಡಬ್ಯಾಡ್ರಿ ಕಾಕಾ' ಅಂದ್ರಿ. ಓದಿದವ್ರು, ಖರೇನ ಇರಬೇಕು ಅಂದ್ಕೊಂಡೆ. ಸಹಿ ಸೈತ ಮಾಡೀರಿ ನೋಡ್ರಿ."

ನೋಡಿದೆ. ಗೋಡೆಯ ಮೇಲೆ ನನ್ನದೇ ದುಂಡು ಅಕ್ಷರದ ಪಟ್ಟಿ. ಹೋದ ವರ್ಷ ಪೂಜೆ ತಪ್ಪಿಸಿಕೊಂಡ ಒಂದು ಯಂತ್ರ ವಾರದೊಳಗೆ ಕೆಟ್ಟಿತ್ತು. ಈ ಸಲ ಹಾಗಾಗಬಾರದೆಂದು ಇಪ್ಪತ್ಮೂರು ಯಂತ್ರಗಳನ್ನು ಸಾಲಾಗಿ ಬರೆದು, ಪಕ್ಕದಲ್ಲಿ ಒರೆಸುವುದು, ಕುಂಕುಮ, ಹೂವು, ವಿಶ್ರಾಂತಿ ಎಂದು ನಾಲ್ಕು ಮನೆ ಹಾಕಿದ್ದೆ. ಆಯುಧಪೂಜೆಯ ದಿನ ಉಪಕರಣ ಮುಟ್ಟಬಾರದಲ್ಲ, ಅದಕ್ಕೆ ನಾಲ್ಕನೆಯ ಮನೆ. ಕಾಕಾಗೆ ಓದಲು ಬರಲೆಂದು ಕನ್ನಡದಲ್ಲಿ ಬರೆದದ್ದರಿಂದ ತೆಲುಗಿನ ಮೇಡಂ ಅದನ್ನು ಓದಲು ಹೋಗಲಿಲ್ಲ. ತೊಂಬತ್ತೆರಡಕ್ಕೆ ತೊಂಬತ್ತೆರಡು ಟಿಕ್. ಒಂದನೆಯ ತಾರೀಖು ಮಧ್ಯಾಹ್ನ ಹನ್ನೆರಡೂಕಾಲಕ್ಕೆ ಸಹಿ ಹಾಕಿ, ಹೆಮ್ಮೆಯಿಂದ ಮನೆಗೆ ಹೋಗಿದ್ದೆ. ಅಂದರೆ ನನ್ನ ಆಂಟಿಬಾಡಿ ನಲವತ್ತನಾಲ್ಕು ಗಂಟೆ ಐವತ್ತೈದು ನಿಮಿಷ ವಿಶ್ರಾಂತಿ ಪಡೆದಿತ್ತು. ಲೆಕ್ಕ ಹಾಕಿ ಮುಗಿಸಿದ ಮೇಲೆ ಅಳು ಬಂತು.

ಮೇಡಂ ಬಂದು ಎಲ್ಲ ಕೇಳಿಸಿಕೊಂಡು, ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದರು. ಬೈಯಲಿಲ್ಲ. ಇದರಲ್ಲಿ ಗ್ಲಿಸರಿನ್ ಬೆರೆಸಿರುತ್ತಾರೆ, ಎರಡು ದಿನಕ್ಕೆ ಸಾಯುವಷ್ಟು ನಾಜೂಕಲ್ಲ, ಹಚ್ಚಿ ನೋಡು ಎಂದು ತೆಲುಗಿನಲ್ಲಿ ಹೇಳಿ, "ಏಡವಕು" ಎಂದು ಬೆನ್ನು ತಟ್ಟಿದರು. ಅಳಬೇಡ ಎನ್ನುವುದು ಯಾವ ಭಾಷೆಯಲ್ಲಾದರೂ ಇನ್ನಷ್ಟು ಅಳಿಸುತ್ತದೆ. ಶುಕ್ರವಾರವೇ ಕೆಲಸ ಶುರು ಮಾಡಿದೆ. ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ, ತೆಳ್ಳನೆಯ ಹಾಳೆಗೆ ಇಳಿಸಿ, ಅದರ ಮೇಲೆ ಆಂಟಿಬಾಡಿ ಹಾಕಿದರೆ, ನಮ್ಮ ಪ್ರೋಟೀನ್ ಇದ್ದಲ್ಲಿ ಒಂದು ಗೆರೆ ಮೂಡಬೇಕು. ಪುಟ್ಟ ಪ್ರೋಟೀನಾದ್ದರಿಂದ ಹಾಳೆಯ ತೀರ ತಳದಲ್ಲಿ. ಶನಿವಾರ ಮಧ್ಯಾಹ್ನದಿಂದ ಕಾಕಾ ಪಕ್ಕದ ಸ್ಟೂಲ್ ಬಿಟ್ಟು ಏಳಲಿಲ್ಲ. "ಗೆರಿ ಬಂದ್ರ ಹನಮಪ್ಪಗ ಕಾಯಿ ಒಡಸ್ತೀನ್ರಿ" ಎಂದರು. ನನ್ನ ಮುಖ ನೋಡಿ, "ಎರಡ ಒಡಸ್ತೀನಿ" ಎಂದರು.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ, ಹಾಳೆಯ ಫೋಟೋ ತೋರಿಸುವ ಪರದೆಯ ತಳದಲ್ಲಿ ಕಪ್ಪಗೆ, ಕಾಡಿಗೆ ತೀಡಿದಂತೆ, ಗೆರೆ ಬಂತು. ನಾನು ಕಾಕಾನ ಕೈ ಹಿಡಿದು ಕುಣಿದೆ. ಅವರು ಕನ್ನಡಕ ಏರಿಸಿಕೊಂಡು ಪರದೆಗೆ ಮೂಗು ತಾಗಿಸಿ ನೋಡಿದರು. "ಇಷ್ಟ ಅಲ್ರಿ? ಇಷ್ಟರ ಸಲುವಾಗಿ ಎರಡು ದಿನ ನನ್ನ ಜೀವ ತಿಂದ್ರಿ!" ಎಂದರು. ಆಗ ನನಗೆ ಹಸಿವಾಯಿತು. ಎರಡು ದಿನದಲ್ಲಿ ಮೊದಲ ಸಲ.

ಸೋಮವಾರ ಸಮಿತಿ ಚಿತ್ರವನ್ನು ಒಪ್ಪಿತು, ನನ್ನ ಕೆಲಸ ಇನ್ನೊಂದು ವರ್ಷಕ್ಕೆ ಉಳಿಯಿತು. ಹೊರಡುವ ಮುಂಚೆ ಒಬ್ಬ ಹಿರಿಯರು ಮಾತ್ರ, ಗೆರೆಯ ಮೇಲುಗಡೆ ಇನ್ನೊಂದು ಮಾಸಲು ಗೆರೆ ಕಾಣುತ್ತಿದೆಯಲ್ಲ, ಶೀಶೆ ಬೆಚ್ಚಗಾಗುವ ಮುಂಚಿನ ಚಿತ್ರದಲ್ಲೂ ಅದಿತ್ತೇ ಎಂದು ಕೇಳಿದರು. ನಾನು ಡೈರಿ ತೆರೆದೆ. ಶೀಶೆ ಬಂದಂದಿನಿಂದ ಫ್ರೀಜರಿನ ಉಷ್ಣತೆಯನ್ನು ಭಾನುವಾರ ಬಿಟ್ಟು ದಿನಕ್ಕೆರಡರಂತೆ ಎಪ್ಪತ್ತು ಸಲ ಬರೆದಿದ್ದೆ. ಖರ್ಚಾದೀತೆಂಬ ಜಿಪುಣತನದಲ್ಲಿ ಶೀಶೆಯ ಮುಚ್ಚಳ ಮಾತ್ರ ಒಂದು ಸಲವೂ ತೆರೆದಿರಲಿಲ್ಲ. ಮುಂಚಿನ ಚಿತ್ರ ಎಂಬುದೇ ಇಲ್ಲ. ಇದನ್ನು ಹೇಳಿದಾಗ ಸಮಿತಿಯವರು ನಕ್ಕರು, ಮೇಡಂ ಎಲ್ಲರಿಗಿಂತ ಜೋರಾಗಿ.

ಆ ಎರಡನೆಯ ಗೆರೆ ಸೆಕೆಯಲ್ಲಿ ಹುಟ್ಟಿದ್ದೋ, ಆ ಆಂಟಿಬಾಡಿಯ ಹುಟ್ಟುಗುಣವೋ ನನಗೆ ತಿಳಿಯದು. ಈ ಪ್ರೋಟೀನಿನ ಜೊತೆ ಏಗಿದವರು, ಮೇಲುಗಡೆಯ ಮಾಸಲು ಗೆರೆಯನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ನಾಲ್ಕು ಸಾಲು ಬರೆದು ತಿಳಿಸಿ. ಪತ್ರ ತಲುಪಿದ ದಿನಾಂಕವನ್ನು ನಾನು ಖಂಡಿತ ಬರೆದಿಡುತ್ತೇನೆ. ಈ ಸಲ ಮಾತ್ರ, ಪತ್ರವನ್ನು ಮೊದಲು ಒಡೆದು ಓದಿದ ಮೇಲೆ.